ಹಿಂದಿನವರು ಯಾಕ ಬಿಟ್ರು?

ಮುದ್ದೇಬಿಹಾಳದ ಬಸ್ ನಿಲ್ದಾಣದ ಎದುರಿಗೆ ಚಹಾದ ಅಂಗಡಿಯಲ್ಲಿ ಕುಳಿತು ಮಹಮ್ಮದಹನೀಫನು ಇನ್ನೂ ಮೊದಲನೆಯ ಗುಟುಕು ಕುಡಿದಿದ್ದನಷ್ಟೆ, ಹಿಂದಿನ ಓಣಿಯಿಂದ ಅವನ ಹೆಂಡತಿಯ ದನಿ ಕೇಳಿಸಿತು.

"ಕೇಳ್ರಿ ಅಕ್ಕಾರ, ಕೇಳ್ರಿ ತಂಗ್ಯಾರ. ಬ್ಯಾಳಿ ಗಿರಣ್ಯಾಗ ಬ್ಯಾಳಿ ಹಸನ ಮಾಡಾಕ ಹೆಣ್ಣಮಕ್ಕಳು ಬೇಕಾಗ್ಯಾರ. ಧೂಳದ ಕೆಲಸ ಐತಿ, ಮುಖಕ್ಕ ಕಟ್ಟಿಕೊಳ್ಳಾಕ ಅರಿವಿ ತರ್ರಿ. ಕುಂದರಾಕ ಬೇವಿನ ಗಿಡದ ನೆಳ್ಳ ಐತಿ. ಕುಡ್ಯಾಕ ತಣ್ಣನ ನೀರ ಐತಿ. ಸಂಜಿ ಐದಕ್ಕ ಬಿಡತಾರ."

ಸಗೀರಾ ತೀರಿಹೋಗಿ ವರ್ಷದ ಮೇಲಾಗಿತ್ತು. ತನ್ನೂರು ಇಂಡಿಯಲ್ಲಾದರೆ ಆ ದನಿ ಅವನಿಗೆ ರೂಢಿಯಾಗಿತ್ತು. ಯಂತ್ರದಲ್ಲಿ ತಾನೇ ಹಚ್ಚುತ್ತಿದ್ದ, ತಾನೇ ಆರಿಸುತ್ತಿದ್ದ. ಆದರೆ ಇದು ಪರವೂರು. ಕೆಟ್ಟುಹೋದ ಆಂಪ್ಲಿಫೈಯರ್ ರಿಪೇರಿಗೆಂದು ಬಂದವನು ಅವನು. ಯಾರೂ ಹೇಳದೆ ಕೇಳದೆ, ಗೋಡೆಯ ಆಚೆಯಿಂದ, ಅವಳು ತಾನಾಗಿಯೇ ಮಾತನಾಡುತ್ತಿದ್ದಳು.

ಪಕ್ಕದ ಬಾಕಿನ ಮೇಲೆ ಬುತ್ತಿಯ ಡಬ್ಬಿ ಹಿಡಿದುಕೊಂಡು ಇಬ್ಬರು ಹೆಣ್ಣುಮಕ್ಕಳು ಕುಳಿತಿದ್ದರು. ಅವರಲ್ಲಿ ಹಿರಿಯಳು ದನಿ ಬಂದ ಕಡೆಗೆ ಮುಖ ಮಾಡಿ ಸೊಟ್ಟಗೆ ನಕ್ಕಳು.

"ಬಂದ್ಲು ನೋಡ ಮತ್ತ ಸುಳ್ಳಿ. ಬೇವಿನ ಗಿಡಾ ಕಡದು ತಗಡಿನ ಶೆಡ್ ಹಾಕಿ ಎಷ್ಟ ದಿನ ಆತು! ನೀರಿನ ಟಾಕಿ ಒಡದು ಬಿದ್ದೈತಿ. ಐದಕ್ಕ ಬಿಡತಾರಂತ, ಐದಕ್ಕ! ಹೊತ್ತ ಮುಣಗೂತನಾ ಕುಂದ್ರಸ್ತಾರ."

"ಆಕೀಗೇನವಾ, ರೊಕ್ಕಾ ಕೊಟ್ರ ಏನ ಬೇಕಾದ್ದ ಒದರತಾಳ," ಎಂದಳು ಇನ್ನೊಬ್ಬಳು.

ಹನೀಫನು ಕಪ್ಪನ್ನು ಅಲ್ಲಿಯೇ ಇಟ್ಟು ಎದ್ದನು. ಓಣಿಯಲ್ಲಿ ದನಿ ದೂರ ದೂರ ಸರಿಯುತ್ತಿತ್ತು. ಐವತ್ತು ದಾಟಿದ ಮನುಷ್ಯ, ಚಪ್ಪಲಿ ಕಾಲಿನಿಂದ ಜಾರುತ್ತಿದ್ದರೂ ಓಡಿದನು. ತಿರುವಿನಲ್ಲಿ ಹಸಿರು ಆಟೋ ಕಾಣಿಸಿತು. ಅದರ ತಲೆಯ ಮೇಲೆ ಎರಡು ಹಾರ್ನು. ಕೈಯೊಡ್ಡಿ ನಿಲ್ಲಿಸಿದನು. ಚಾಲಕ ಇಪ್ಪತ್ತೈದರ ಹುಡುಗ, ಹೆಸರು ಕಲ್ಮೇಶ.

"ತಮ್ಮಾ, ಈ ದನಿ ಇರೂ ಮೆಮರಿ ಕಾರ್ಡ್ ಯಾವಾಗಿಂದು?"

"ಭಾಳ ಹಳೇದ್ರಿ. ಮಂದಿ ಬೇಕಾದಾಗೆಲ್ಲ ಗಿರಣಿ ಸಾವಕಾರ ಇದನ್ನ ಹಾಕು ಅಂತಾರ. ಈ ಅಕ್ಕನ ದನಿ ಕೇಳಿದ್ರ ಮಂದಿ ನಂಬತಾರ್ರಿ, ಬರತಾರ."

"ಆಕಿ ಹೇಳೂದು ಈಗ ಖರೇ ಇಲ್ಲಂತಲ್ಲೋ."

"ಅದು ಆಕೀಗ ಹ್ಯಾಂಗ ಗೊತ್ತಾಗಬೇಕ್ರಿ? ಆಕಿ ಹೇಳಿದಾಗ ಖರೇ ಇತ್ತು." ಕಲ್ಮೇಶ ನಕ್ಕನು. "ಆಕೀನ್ನ ಕರಕೊಂಡ ಬರ್ರಿ ಬೇಕಾದ್ರ, ನೋಡಿ ಹೊಸಾದು ಹೇಳಲಿ. ಹೊಸಾದು ಕೊಡ್ರಿ, ಹಳೇದು ಒಯ್ರಿ. ನನಗೇನೈತಿ?"

ತಾನು ಯಾರೆಂದು ಹೇಳಲು ಹನೀಫನಿಗೆ ಬಾಯಿ ಬರಲಿಲ್ಲ. ಆಟೋ ಮುಂದೆ ಹೋಯಿತು. ಬೇವಿನ ನೆರಳು, ತಣ್ಣನ ನೀರು ಎಂದು ಸಗೀರಾ ಹೇಳುತ್ತಲೇ ಹೋದಳು. ಬದುಕಿದ್ದಾಗ ಯಾರಿಂದಲೂ ಸುಳ್ಳಿ ಎನ್ನಿಸಿಕೊಳ್ಳದವಳು ಸತ್ತ ಮೇಲೆ ಎನ್ನಿಸಿಕೊಳ್ಳುತ್ತಿದ್ದಳು.

ಬಾಗೇವಾಡಿ, ಸಿಂದಗಿ ಹಾಯ್ದು ಬಸ್ಸು ಇಂಡಿ ಮುಟ್ಟುವವರೆಗೆ ಅವನಿಗೆ ಅದೇ ಯೋಚನೆ. ಈ ಊರುಗಳಲ್ಲೆಲ್ಲ ಆಟೋಗಳಿವೆ, ಅವುಗಳಲ್ಲೆಲ್ಲ ಅವಳ ಹಳೆಯ ಕಾರ್ಡುಗಳಿವೆ. ಎಲ್ಲೆಲ್ಲಿ ಗಿಡ ಕಡಿದಿದ್ದಾರೋ, ಎಲ್ಲೆಲ್ಲಿ ಟಾಕಿ ಒಡೆದಿದೆಯೋ! ಅವಳ ಮಾತನ್ನು ತಿದ್ದಬೇಕಾದರೆ ಹೋಗಿ ನೋಡಿ ಹೊಸದಾಗಿ ಹೇಳುವವರು ಒಬ್ಬರು ಬೇಕು. ಆ ಒಬ್ಬರನ್ನು ಅವನು ಇಷ್ಟು ದಿನ ಹುಡುಕಿರಲಿಲ್ಲ.

ಸಗೀರಾ ಹೊರ್ತಿಯ ರಸೂಲಸಾಬರ ಮಗಳು. ರಸೂಲಸಾಬರಿಗೆ ಕಣ್ಣು ಮಂದ. ಮುಂಜಾನೆಯ ಪತ್ರಿಕೆಯನ್ನು ಮಗಳೇ ಓದಿ ಹೇಳಬೇಕು. ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಓದಿದರೆ ಅವರಿಗೆ ಸಮಾಧಾನವಿಲ್ಲ. "ಅಂದ್ರ ಏನಾತವಾ, ನಮ್ಮ ಮಾತಿನ್ಯಾಗ ಹೇಳ," ಎನ್ನುವರು. ಹೀಗೆ ಅವಳ ಬಾಯಿ ಪಳಗಿತು. ಹನೀಫನನ್ನು ಮದುವೆಯಾಗಿ ಇಂಡಿಗೆ ಬಂದಾಗ ಅವನಿಗಿದ್ದದ್ದು ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಅಂಗಡಿ. ಮದುವೆಗೆ, ಸಭೆಗೆ ಮೈಕು ಬಾಡಿಗೆ ಕೊಡುವುದು, ಆಟೋದಲ್ಲಿ ಅನೌನ್ಸ್ ಮಾಡಿಸುವುದು. ಅನೌನ್ಸ್ ಮಾಡುವ ಗಂಡಸರು ಆಗ "ಸಮಸ್ತ ನಾಗರಿಕ ಬಂಧುಗಳಲ್ಲಿ ವಿನಂತಿ" ಎಂದು ಶುರು ಮಾಡುತ್ತಿದ್ದರು. ಕೇಳಿದವರು ಯಾರೂ ಹೊರಗೆ ಬಂದು ನೋಡುತ್ತಿರಲಿಲ್ಲ.

ಒಮ್ಮೆ ಹನೀಫನ ಅಂಗಡಿಗೆ ಅನೌನ್ಸ್ ಮಾಡುವವನು ಜ್ವರ ಬಂದು ಮಲಗಿದ್ದಾಗ ಸಗೀರಾ ಮೈಕಿನ ಮುಂದೆ ಕುಳಿತಳು. ಕಾಯಿಪಲ್ಲೆಯ ಬಜಾರಿನಲ್ಲಿ ಎದುರಿಗೆ ಸಿಕ್ಕವರಿಗೆ ಹೇಳುವಂತೆ ಹೇಳಿಬಿಟ್ಟಳು. ಅಂದಿನಿಂದ ಅವಳದೇ ದನಿ.

ಅವಳ ಹೆಸರು ಹಬ್ಬಿದ್ದು ಕೆಲಸಕ್ಕೆ ಜನ ಕರೆಯುವ ಅನೌನ್ಸಿನಿಂದ. ಅದರಲ್ಲಿ ಅವಳದೊಂದು ಕಟ್ಟಳೆಯಿತ್ತು. ಕೆಲಸದ ಜಾಗವನ್ನು ಕಣ್ಣಿಂದ ನೋಡದೆ ಬಾಯಿ ತೆರೆಯುವುದಿಲ್ಲ. ಹೋಗಿ, ಅರ್ಧ ತಾಸು ಸುಮ್ಮನೆ ಕುಳಿತು, ಮಾಲಕರನ್ನು ಕೇಳುವಳು: ಎಷ್ಟೊತ್ತಿಗೆ ಕರೆಯುತ್ತೀರಿ, ಎಷ್ಟೊತ್ತಿಗೆ ಬಿಡುತ್ತೀರಿ? ಈ ಕೆಲಸದಲ್ಲಿ ತ್ರಾಸದ್ದು ಯಾವುದು? ಕೊನೆಗೆ, ಎದ್ದು ನಿಂತ ಮೇಲೆ, ಹೋಗುವವರು ಮರೆತದ್ದನ್ನು ನೆನಪಿಸಿಕೊಂಡು ಕೇಳುವ ಹಾಗೆ: "ಹಿಂದಿನವರು ಯಾಕ ಬಿಟ್ರು?"

ಈ ಮಾತಿಗೆ ಮಾಲಕರ ಮುಖ ಇಳಿಯುತ್ತಿತ್ತು. ಉತ್ತರ ಸಿಗುವವರೆಗೆ ಅವಳು ಕದಲುತ್ತಿರಲಿಲ್ಲ. ಒಳ್ಳೆಯ ಜನ ಬೇಕಾದರೆ ಒಳ್ಳೆಯದನ್ನಷ್ಟೇ ಹೇಳಿದರೆ ಸಾಲದು ಎಂಬುದು ಅವಳ ತಿಳಿವಳಿಕೆ. ತ್ರಾಸವನ್ನು ಮೊದಲೇ ಹೇಳಿಬಿಟ್ಟರೆ, ಅದನ್ನು ತಾಳಿಕೊಳ್ಳುವೆನೆಂಬ ಧೈರ್ಯವಿದ್ದವರೇ ಬರುತ್ತಾರೆ, ಬಂದವರು ನಿಲ್ಲುತ್ತಾರೆ.

ಸಿಂದಗಿಯ ಒಂದು ಖಾನಾವಳಿಯವರಿಗೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಬೇಕಾಗಿದ್ದರು. "ಸುಲಭ ಕೆಲಸ, ಒಳ್ಳೆ ಪಗಾರ ಅಂತ ಹೇಳಬೇ," ಎಂದು ಮಾಲಕ ಚನ್ನಬಸಯ್ಯ ಹೇಳಿದರು. ಸಗೀರಾ ಒಲೆಯ ಮುಂದೆ ಹೋಗಿ ಕುಳಿತಳು. ಮೈಯೆಲ್ಲ ಬೆವರಿ ಹೊರಗೆ ಬಂದವಳೇ ಅಲ್ಲಿಯೇ ಹೇಳಿ ತೋರಿಸಿದಳು: "ಒಲಿ ಮುಂದ ಕುಂತು ಮಾಡೂ ಕೆಲಸ. ಬ್ಯಾಸಗ್ಯಾಗ ಉರಿ ತಡಕೋಬೇಕು. ಮಾಲಕರು ಫ್ಯಾನ್ ಹಾಕಿಸ್ಯಾರ. ಕೂಸು ಇದ್ದವರು ಕೂಸಿನ್ನ ಕರಕೊಂಡ ಬರಬಹುದು."

"ಎಲ್ಲಿ ಐತಬೇ ಫ್ಯಾನು?" ಚನ್ನಬಸಯ್ಯ ರೇಗಿದರು.

"ಹಾಕಸ್ರಿ. ಹಾಕಿಸಿದ ದಿವಸ ಹೇಳ್ತೇನಿ."

"ಇದೇನ ಅನೌನ್ಸ್ ಮಾಡೂ ಹೆಂಗಸೋ, ನಮ್ಮ ಮನಿ ಬೀಗತೀನೋ!"

"ಬೀಗತಿ ಆಗಿದ್ರ ಎರಡು ಹಾಕಸಂತಿದ್ದೆ, ಅಯ್ಯಾರ."

ಫ್ಯಾನು ಬಂತು, ಅನೌನ್ಸೂ ಆಯಿತು. ಆ ಸಲ ಬಂದವರು ವರ್ಷಗಟ್ಟಲೆ ಅಲ್ಲಿಯೇ ಉಳಿದರು. ಆಮೇಲೆ ಮುದ್ದೇಬಿಹಾಳದವರು, ಬಾಗೇವಾಡಿಯವರು, ನಿಡಗುಂದಿಯವರು ಹುಡುಕಿಕೊಂಡು ಇಂಡಿಗೆ ಬರತೊಡಗಿದರು.

ಅಂಗಡಿಯ ಹಿಂಬದಿಯ ಸಣ್ಣ ಖೋಲಿಯೇ ಅವಳ ದನಿ ಹಿಡಿಯುವ ಜಾಗ. ಹೊರಗಿನ ಗದ್ದಲ ಬರಬಾರದೆಂದು ನಾಲ್ಕೂ ಗೋಡೆಗೆ ಕೌದಿ ತೂಗುಹಾಕಿದ್ದರು. ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡು ಕೂಡಿಸಿ ಅವನ್ನು ಹೊಲಿದುಕೊಟ್ಟವಳು ಅವರ ಮನೆಯಲ್ಲಿಯೇ ಇದ್ದ ಅವಳ ತಾಯಿ ಜೈತುನಬಿ. ಹನೀಫ ಯಂತ್ರದ ಮುಂದೆ ಹೊರಗೆ. ಸಗೀರಾ ಬಾಗಿಲು ಹಾಕಿಕೊಂಡು ಒಳಗೆ. ನಡುವೆ ಒಂದು ಸಣ್ಣ ಗಾಜು.

ಉಬ್ಬಸದ ಬೇನೆ ಹತ್ತಿದಾಗಲೂ ಅವಳು ಕೆಲಸ ಬಿಡಲಿಲ್ಲ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಂಡು ಹೇಳುವಳು. ಕೊನೆಗೆ ಒಂದು ಮಳೆಗಾಲದ ಮುಂಜಾನೆ ದವಾಖಾನೆಯಲ್ಲಿ ಆ ಉಸಿರು ನಿಂತಿತು.

ದುಃಖದ ದಿನಗಳು ಕಳೆದು ಅಂಗಡಿ ತೆರೆದಾಗ ಹನೀಫ ಒಂದು ದಾರಿ ಕಂಡುಕೊಂಡನು. ಅವಳು ಹೇಳಿದ್ದೆಲ್ಲ ಕಂಪ್ಯೂಟರಿನಲ್ಲಿ ಉಳಿದಿತ್ತು. ವಾರಗಳ ಹೆಸರು, ಓಣಿಗಳ ಹೆಸರು, ಬೇಕಾಗ್ಯಾರ, ಬರ್ರಿ, ಕೇಳ್ರಿ. ಒಂದೊಂದು ತುಣುಕನ್ನು ಕತ್ತರಿಸಿ, ಇನ್ನೊಂದಕ್ಕೆ ಹಚ್ಚಿ, ಅತ್ತೆ ಕೌದಿ ಹೊಲಿಯುವಂತೆಯೇ ಹೊಸ ಅನೌನ್ಸು ಹೊಲಿಯತೊಡಗಿದನು. ಅಂಗಡಿಯ ಆಟೋ ಓಡಿಸುವ ಚಂದ್ರಾಮ ಅದನ್ನು ಹಾಕಿಕೊಂಡು ಊರೆಲ್ಲ ತಿರುಗುವನು. ಮೊದಮೊದಲು ಇಂಡಿಯ ಜನ ಬೆಚ್ಚಿದರು. ಆಟೋ ಬಂದರೆ ಕೆಲವರು ಬಾಗಿಲು ಹಾಕಿಕೊಳ್ಳುವರು. ಜೋಹರಾಬಿ ಎಂಬ ನೆರೆಯವಳಂತೂ ಮಕ್ಕಳ ಕಿವಿ ಮುಚ್ಚುವಳು. ಜೈತುನಬಿ ಮಾತ್ರ ತಸಬಿಯ ಜಪಮಾಲೆ ಹಿಡಿದು ಹೊಸ್ತಿಲಲ್ಲಿ ನಿಲ್ಲುವಳು. ಆಟೋ ಓಣಿ ದಾಟಿದ ಮೇಲೂ ನಿಂತೇ ಇರುವಳು.

ಮುದ್ದೇಬಿಹಾಳದಿಂದ ಬಂದ ಮರುದಿನ ಹನೀಫ ಕಾಗದ ತೆಗೆದುಕೊಂಡು ಕುಳಿತನು. ಅನೌನ್ಸ್ ಮಾಡಲು ಹೆಣ್ಣುಮಗಳು ಬೇಕು, ಎಂಥವಳು ಬೇಕು? ಬರೆಯುತ್ತ ಹೋದನು. ದನಿ ಜೇನಿನಂತಿರಬೇಕು. ಕನ್ನಡ, ಉರ್ದು ಎರಡೂ ಬರಬೇಕು, ಮರಾಠಿ ತಿಳಿಯಬೇಕು. ತಾನೇ ಮಾತು ಜೋಡಿಸಬೇಕು. ಸಿಟ್ಟಿಗೆದ್ದ ಮಾಲಕರನ್ನು ನಗಿಸಬೇಕು. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳೆಂದರೆ ಬೇಸರಪಡಬಾರದು. ಬರೆದದ್ದನ್ನು ಚಂದ್ರಾಮನಿಗೆ ಕೊಟ್ಟನು.

ಚಂದ್ರಾಮ ನಗುತ್ತ ಓದತೊಡಗಿದವನು ಕೊನೆಗೆ ಬರುವಷ್ಟರಲ್ಲಿ ನಗು ನಿಲ್ಲಿಸಿದ್ದನು.

"ಹನೀಫಣ್ಣ, ಇಂಥಾಕಿ ಒಬ್ಬಾಕಿನ ಇದ್ಲು. ನೀ ಕೆಲಸಕ್ಕ ಕರ್ಯಾಕತ್ತಿಯೋ, ಆಕೀನ್ನ ಹೊಳ್ಳಿ ಕರ್ಯಾಕತ್ತಿಯೋ?"

"ಹಂಗ್ಯಾಕಂತಿ? ಛಲೋ ಮಂದಿ ಬೇಕಂದ್ರ ಛಲೋದನ್ನ ಬರೀಬೇಕಲ್ಲ."

"ಬರಿ. ಆದ್ರ ಇದನ್ನ ಹೇಳಾವ್ರು ಯಾರು?"

ಅದಕ್ಕೆ ಹನೀಫನಲ್ಲಿದ್ದದ್ದು ಒಂದೇ ದನಿ. ಯಂತ್ರದ ಮುಂದೆ ಕುಳಿತು, ಅವಳ ತುಣುಕುಗಳಿಂದಲೇ, ಅವಳ ಜಾಗಕ್ಕೆ ಜನ ಕರೆಯುವ ಅನೌನ್ಸನ್ನು ಹೊಲಿದನು. ಬೇಕಾದ ಶಬ್ದಗಳೆಲ್ಲ ಒಂದೇ ಕಾಲದಲ್ಲಿ ಸಿಗಲಿಲ್ಲ. "ಕೇಳ್ರಿ ಅಕ್ಕಾರ" ಎಂಬುದು ಮದುವೆಯ ಹೊಸತರದ್ದು. "ಇಂಡ್ಯಾಗ" ಎಂಬುದು ಬೇನೆಯ ದಿನಗಳದ್ದು. "ಅನೌನ್ಸ್ ಮಾಡಾಕ" ಎಂಬುದು ಕೊನೆಯ ತಿಂಗಳದ್ದು, ಉಸಿರು ಸಿಗದೆ ಹೇಳಿದ್ದು. "ಹೆಣ್ಣಮಗಳು ಬೇಕಾಗ್ಯಾಳ" ಎನ್ನುವಾಗ ಅವಳು ಮತ್ತೆ ಹರೆಯದವಳು, ದನಿಯಲ್ಲಿ ನಗೆ. ಒಂದೇ ಮಾತಿನೊಳಗೆ ಹೆಂಗಸೊಬ್ಬಳು ಮುಪ್ಪಾಗಿ, ಸೊರಗಿ, ಸಾಯುವ ಹಂತಕ್ಕೆ ಹೋಗಿ, ಎದ್ದು ನಕ್ಕಂತೆ ಕೇಳಿಸುತ್ತಿತ್ತು. ಹನೀಫನಿಗೆ ಅದು ತಿಳಿಯಲಿಲ್ಲ. ಅವನಿಗೆ ಎಲ್ಲ ದನಿಯೂ ಸಗೀರಾಳದೇ.

ಆ ಅನೌನ್ಸು ತಿರುಗಿದ ದಿನ ಇಂಡಿಯ ಓಣಿಗಳು ಮೌನವಾದವು. ನಿಂಬೆಹಣ್ಣಿನ ಚೀಲ ಹೊರುತ್ತಿದ್ದ ಹಮಾಲರು ಚೀಲ ಇಳಿಸಿ ನಿಂತರು. ಸತ್ತವಳು ತನ್ನ ಜಾಗಕ್ಕೆ ಬಾ ಎಂದು ಕರೆಯುತ್ತಿದ್ದಾಳೆ; ಯಾರು ಹೋದಾರು?

ಒಬ್ಬಳು ಬಂದಳು. ಫರಹತ ಎಂಬ ಹುಡುಗಿ, ಕಾಲೇಜು ಮುಗಿಸಿದ್ದಳು. ಹೊರಗಿನವಳು, ಇಂಡಿಗೆ ಹೊಸಬಳು. ಸಗೀರಾಳ ಸುದ್ದಿ ಅವಳಿಗೆ ತಿಳಿಯದು. ಕೌದಿಯ ಖೋಲಿಯನ್ನು ಗಾಜಿನಿಂದ ಇಣುಕಿ ನೋಡಿ ಖುಷಿಯಾದಳು.

"ಚಾಚಾ, ಆ ಆಪಾ ಭಾಳ ಛಲೋ ಹೇಳತಾರ್ರಿ. ಅವರ ಇರೂವಾಗ ಮತ್ತ ನಾ ಯಾಕ ಬೇಕು? ಅವರು ಕೆಲಸಾ ಬಿಡಾಕತ್ತಾರೇನ್ರಿ?"

ಹನೀಫ ಯಂತ್ರದ ಮೇಲಿನ ಧೂಳು ಒರೆಸತೊಡಗಿದನು.

"ಅವರ ಕೂಡ ಒಂದೀಟ ಮಾತಾಡಬೇಕಾಗಿತ್ರಿ. ಯಾವಾಗ ಬರತಾರ?"

ಅಷ್ಟರಲ್ಲಿ ಚಂದ್ರಾಮನ ಆಟೋ ಬೀದಿಯ ತುದಿಗೆ ತಿರುಗಿತು. ದನಿ ಹತ್ತಿರ ಬಂತು. ಹುಡುಗಿಯ ಮುಖ ಅರಳಿತು. "ಬಂದ್ರಲ್ಲ!" ಎಂದು ಬಾಗಿಲಿಗೆ ಹೋಗಿ ನಿಂತಳು. ಆಟೋದಲ್ಲಿ ಚಂದ್ರಾಮನ ಹೊರತು ಯಾರೂ ಇರಲಿಲ್ಲ.

"ಆಕಿ ತೀರಿಕೊಂಡಾಳವಾ," ಎಂದನು ಹನೀಫ.

ಫರಹತ ಆಟೋದ ಕಡೆಗೊಮ್ಮೆ, ಗಾಜಿನ ಕಡೆಗೊಮ್ಮೆ ನೋಡಿದಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, "ಅಮ್ಮೀನ ಕೇಳಿ ಬರ್ತೇನ್ರಿ," ಎಂದು ಇಳಿದು ಹೋದಳು. ಮತ್ತೆ ಬರಲಿಲ್ಲ.

ಅಂದು ಮಧ್ಯಾಹ್ನ ಹನೀಫ ಊಟಕ್ಕೆ ಹೋದಾಗ ಜೈತುನಬಿ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕುಳಿತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು.

"ಹುಡುಗಿ ಯಾಕ ಓಡಿ ಹೋತು, ಬೇಟಾ?"

"ಅಂಜಿಕೊಂಡ್ಲಮ್ಮಾ."

"ನಾನೂ ಅಂಜೇನಿ. ಇವತ್ತ ಮುಂಜಾನೆ ನನ್ನ ಮಗಳು ಒಂದ ಮಾತಿನ್ಯಾಗ ಸತ್ತು ಹುಟ್ಟಿದ್ಲು. ಹೊಚ್ಚಲದಾಗ ನಿಂತು ಕೇಳಿದೆ." ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. "ಆಕಿ ಮಾಲಕರನ್ನ ಏನ ಕೇಳತಿದ್ಲು ಅನ್ನೂದ ನೆನಪೈತಿಲ್ಲೋ? ಈಗ ನೀ ಮಾಲಕ. ನಾ ಕೇಳ್ತೇನಿ, ಹೇಳು. ಎಷ್ಟೊತ್ತಿಗೆ ಕರೀತಿ, ಎಷ್ಟೊತ್ತಿಗೆ ಬಿಡ್ತಿ?"

"ಹತ್ತಕ್ಕ ಬಂದ್ರ ಐದಕ್ಕ ಹೋಗಬಹುದು."

"ತ್ರಾಸದ್ದು ಯಾವ್ದು?"

"ತ್ರಾಸೇನೈತಮ್ಮಾ? ಕುಂತು ಹೇಳೂದು."

ಮುದುಕಿ ಅವನ ಮುಖವನ್ನೇ ನೋಡಿದಳು. ಮೂರನೆಯದನ್ನು ಮೆಲ್ಲಗೆ ಕೇಳಿದಳು. "ಹಿಂದಿನಾಕಿ ಯಾಕ ಬಿಟ್ಲು?"

ಹನೀಫ ಕೈಯಲ್ಲಿಯ ರೊಟ್ಟಿಯನ್ನು ತಾಟಿಗಿಟ್ಟನು. ಊರೂರಿನ ಮಾಲಕರ ಮುಖಗಳು ಹೇಗೆ ಇಳಿಯುತ್ತಿದ್ದವೆಂಬುದು ಅವನಿಗೆ ಈಗ ತಿಳಿಯಿತು.

"ಆ ಖೋಲ್ಯಾಗ ಒಮ್ಮೆರ ಬಾಗಲಾ ಹಾಕಿಕೊಂಡ ಕುಂತಿಯೇನು?" ಎಂದಳು ಜೈತುನಬಿ. "ನನ್ನ ಕೌದಿ ಗದ್ದಲಾನೂ ತಡೀತಾವು, ಗಾಳೀನೂ ತಡೀತಾವು. ಅಲ್ಲಿ ಪಾಯಖಾನಿ ಇಲ್ಲಂತ ಆಕಿ ದಿನಾ ಇಡೀ ನೀರ ಕುಡೀತಿದ್ದಿಲ್ಲ. ಯಾಕ ಹೇಳೂದಿಲ್ಲಬೇ ಗಂಡಗ ಅಂದ್ರ ನಗತಿದ್ಲು. ಕೇಳಲಿಲ್ಲಲ್ಲ ಅವರು, ಅಂತಿದ್ಲು."

ಹನೀಫ ಊಟ ಬಿಟ್ಟೆದ್ದು ಅಂಗಡಿಗೆ ಬಂದನು. ಹೊರಗೆ ರಣಬಿಸಿಲು. ಖೋಲಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅವಳ ಸ್ಟೂಲಿನ ಮೇಲೆ ಕುಳಿತನು. ಅವಳಿದ್ದಾಗ ಮೈಕು ತೆಗೆದಿಡಲು, ತಂತಿ ಜೋಡಿಸಲು ಎಷ್ಟೋ ಸಲ ಆ ಖೋಲಿಗೆ ಹೋಗಿದ್ದನು. ಬಾಗಿಲು ಹಾಕಿಕೊಂಡು ಕುಳಿತದ್ದು ಇದೇ ಮೊದಲು.

ಬಾಗಿಲು ಹಾಕಿದೊಡನೆ ಇಂಡಿ ಎಂಬ ಊರು ಇಲ್ಲವಾಯಿತು. ಬಸ್ಸಿನ ಸದ್ದಿಲ್ಲ, ಜನರ ಮಾತಿಲ್ಲ. ಕೌದಿಯ ತುಂಡುಗಳಲ್ಲಿ ಅವಳ ಹಳೆಯ ಸೀರೆಯ ಹೂವು, ತನ್ನ ಮದುವೆಯ ಅಂಗಿಯ ಗೆರೆ, ರಸೂಲಸಾಬರ ಲುಂಗಿಯ ಚೌಕಡಿ ಕಣ್ಣಿಗೆ ಬಿದ್ದವು. ಎಡಗಡೆಯ ಕೌದಿಯಲ್ಲಿ ಭುಜದ ಎತ್ತರಕ್ಕೆ ಒಂದು ಜಾಗ ಸವೆದು ನುಣುಪಾಗಿತ್ತು. ಉಸಿರು ಸಿಗದಾಗ ಅವಳು ಒರಗುತ್ತಿದ್ದ ಜಾಗವಿರಬೇಕು. ಗಾಜಿನ ಪಕ್ಕದಲ್ಲಿ ಒಂದು ಮೊಳೆ. ಅದರಲ್ಲಿ ಅವಳ ಹಸಿರು ಗಾಜಿನ ಬಳೆಗಳು. ಸದ್ದಾಗಬಾರದೆಂದು ಹೇಳುವ ಮೊದಲು ತೆಗೆದು ತೂಗುಹಾಕುತ್ತಿದ್ದಳು. ಕೊನೆಯ ಸಲ ಹಾಕಿದ್ದು ಹಾಗೆಯೇ ಇತ್ತು. ಹೊರಗಿನಿಂದ ಗಾಜಿನಲ್ಲಿ ನೋಡಿದರೆ ಆ ಮೊಳೆ ಕಾಣುವುದಿಲ್ಲ.

ಬೆವರು ಕಣ್ಣಿಗಿಳಿಯಿತು. ಯಾರೋ ಉಸಿರೆಳೆದುಕೊಳ್ಳುವುದು ಕೇಳಿಸಿತು. ತನ್ನದೇ ಇರಬೇಕೆಂದು ಹನೀಫ ಉಸಿರು ಹಿಡಿದನು. ಹಿಡಿದ ಮೇಲೂ ಒಂದು ಗಳಿಗೆ ಅದು ಕೇಳಿಸಿತು, ಆಮೇಲೆ ನಿಂತಿತು.

ಅವನು ಓಡಿಹೋಗಲಿಲ್ಲ. "ತ್ರಾಸ ಐತಿ, ಸಗೀರಾ," ಎಂದನು ಗಟ್ಟಿಯಾಗಿ. ಕೌದಿಗಳು ಆ ಮಾತನ್ನು ನುಂಗಿದವು.

ಮರುವಾರ ಗೌಂಡಿ ಸಿದ್ಧರಾಮ ಬಂದು ಹಿತ್ತಿಲಲ್ಲಿ ಪಾಯಖಾನೆ ಕಟ್ಟಿದನು. ಖೋಲಿಯ ಮೇಲ್ಗೋಡೆಯಲ್ಲಿ ಕಿಂಡಿ ತೆಗೆದು ಸದ್ದು ಕಡಿಮೆಯ ಫ್ಯಾನು ಕೂಡಿಸಿದನು. ಕೆಲಸ ಮುಗಿದ ದಿನ ಹನೀಫ ಹಳೆಯ ಕಾಗದವನ್ನು ಹರಿದುಹಾಕಿ, ಮೈಕಿನ ಮುಂದೆ ತಾನೇ ಕುಳಿತನು. ಜನ್ಮದಲ್ಲಿ "ಹಲೋ, ಹಲೋ" ಎನ್ನುವುದಕ್ಕಿಂತ ಹೆಚ್ಚು ಮೈಕಿನಲ್ಲಿ ಆಡಿದವನಲ್ಲ. ಯಂತ್ರ ಹಿಡಿದವನು ಚಂದ್ರಾಮ.

"ಕೇಳ್ರಿ. ನಾ ಹನೀಫ, ಬಸ್ ಸ್ಟ್ಯಾಂಡ್ ಹಂತ್ಯಾಕ ಸೌಂಡಿನ ಅಂಗಡಿಯಾಂವ. ಅನೌನ್ಸ್ ಮಾಡಾಕ ಒಬ್ಬ ಹೆಣ್ಣಮಗಳು ಬೇಕಾಗ್ಯಾಳ. ದನಿ ಹ್ಯಾಂಗಿದ್ರೂ ನಡೀತೈತಿ. ಗಿರಣಿಗೆ, ಖಾನಾವಳಿಗೆ ಹೋಗಿ ಕೆಲಸಾ ಕಣ್ಣೀಲೆ ನೋಡಬೇಕು, ನೋಡಿದ್ದನ್ನ ಹೇಳಬೇಕು. ಕೆಲವು ಮಾಲಕರು ಬೈತಾರ. ಖೋಲಿ ಸಣ್ಣದು, ಸೆಕಿ ಭಾಳ ಆಗತಿತ್ತು; ಈಗ ಫ್ಯಾನ್ ಹಾಕಸೇನಿ, ಪಾಯಖಾನಿ ಕಟ್ಟಸೇನಿ. ಹತ್ತಕ್ಕ ಬರೂದು, ಐದಕ್ಕ ಹೋಗೂದು. ಪಗಾರ ಎಷ್ಟಂತ ಬಂದ ಕೂಡ್ಲೆ ಹೇಳ್ತೇನಿ. ಹಿಂದ ಈ ಕೆಲಸಾ ಮಾಡತಿದ್ದಾಕಿ ನನ್ನ ಹೆಂಡ್ತಿ, ಸಗೀರಾ." ಚಂದ್ರಾಮ ಗಾಜಿನಾಚೆಯಿಂದ ನೋಡುತ್ತಿದ್ದನು. "ಆಕಿ ತೀರಿಕೊಂಡಾಳ. ಆಕಿ ದನಿ ಅಂಗಡ್ಯಾಗ ಇನ್ನೂ ಐತಿ, ಬಂದಾಕೀಗೂ ಕೇಳಸ್ತೈತಿ. ನಾನೂ ಮರತು ಆಕಿ ಹೆಸರಲೆ ಕರೀಬಹುದು. ಇದನ್ನ ತಿಳಕೊಂಡ ಬರ್ರಿ."

ಚಂದ್ರಾಮ ಕಣ್ಣೊರೆಸಿಕೊಂಡು, "ಕತ್ತಿ ಒದರಿದಂಗ ಐತಲ್ಲೋ ಅಣ್ಣಾ ನಿನ್ನ ದನಿ," ಎಂದನು. ಒಂದು ಶಬ್ದವನ್ನೂ ಕತ್ತರಿಸದೆ ಇಂಡಿ, ಸಿಂದಗಿ, ಬಾಗೇವಾಡಿಗಳ ಆಟೋಗಳಿಗೆಲ್ಲ ಕಳಿಸಿದನು. ಮುದ್ದೇಬಿಹಾಳಕ್ಕೆ ಕಳಿಸಲಿಲ್ಲ. "ಕೆಲಸಕ್ಕ ಬಂದಾಕಿನ ಅಲ್ಲಿಗೆ ಹೋಗಿ ನೋಡಿ ಹೇಳಲಿ," ಎಂದಿದ್ದನು ಹನೀಫ.

ಮರುದಿನ ಮುಂಜಾನೆ ಜೈತುನಬಿ ಎಂದಿನಂತೆ ಹೊಸ್ತಿಲಲ್ಲಿ ನಿಂತಿದ್ದಳು. ಬಂದದ್ದು ಅಳಿಯನ ದನಿ. ಕೇಳಿ ಮುಗಿಸಿ, ಆಟೋ ಓಣಿ ದಾಟುವ ಮೊದಲೇ ಒಳಗೆ ಹೋದಳು.

ಬಂದವಳು ರುಕ್ಮವ್ವ. ಮಸೂತಿ ಎಂಬ ಊರಿನವಳು, ಬಾಗೇವಾಡಿಯ ಬಜಾರಿನಲ್ಲಿ ಅನೌನ್ಸು ಕೇಳಿ, ಬಸ್ಸು ಹಿಡಿದು ಬಂದಿದ್ದಳು. ನಲವತ್ತೈದರ ಹೆಂಗಸು, ಕೈಯಲ್ಲಿ ಹಿತ್ತಾಳೆಯ ಬಳೆ, ಒರಟು ದನಿ. ಕುಳಿತುಕೊಳ್ಳದೆ ಕೇಳಿದಳು.

"ಆ ಅಕ್ಕಾರು ಖರೇನ ತೀರಿಕೊಂಡಾರೇನ್ರಿ?"

"ಹೌದ್ರಿ. ನಿಮಗ ಆಕಿ ಗುರುತಿತ್ತೇನು?"

"ಮುಖಾ ನೋಡಿಲ್ರಿ. ಸಿಂದಗಿ ಖಾನಾವಳ್ಯಾಗ ರೊಟ್ಟಿ ಬಡ್ಯಾಕ ಕರದಾಕಿ ಆಕಿನ. ಉರಿ ತಡಕೋಬೇಕು ಅಂದಿದ್ಲು. ನನ್ನ ಗಂಡ ಸತ್ತಿದ್ದ, ಕೂಸು ಸಣ್ಣದಿತ್ತು. ಎಲ್ಲಾರೂ ಸುಲಭ ಕೆಲಸಾ ಅಂತ ಕರದು ಮೋಸಾ ಮಾಡಿದ್ರು. ಈಕಿ ಒಬ್ಬಾಕಿ ಉರಿ ಐತಿ ಅಂದ್ಲು. ಅದಕ್ಕ ಹೋದೆ." ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಈಗ ಹೊಗಿ ತಡ್ಯಾಂಗಿಲ್ಲ ಕಣ್ಣು. ಬಿಟ್ಟೇನಿ. ಒಮ್ಮೆ ಆಕೀನ್ನ ಕೇಳಸ್ರಿ."

ಹನೀಫ ಹಚ್ಚಿದನು. ಒಲೆಯ ಮುಂದಿನ ಆ ಹಳೆಯ ಅನೌನ್ಸೇ. ರುಕ್ಮವ್ವ ಕೈಜೋಡಿಸಿಕೊಂಡು ಕೇಳಿದಳು.

"ನನಗ ಈ ಪರಿ ಬರೂದಿಲ್ರಿ, ಅಣ್ಣಾರ. ನಾ ಒದರೂ ಹೆಂಗಸು."

"ಈ ಪರಿ ಬ್ಯಾಡ್ರಿ. ನೀವು ಹ್ಯಾಂಗ ಹೇಳತೀರಿ ಹಂಗ ಹೇಳ್ರಿ."

ಇಬ್ಬರೂ ಮುದ್ದೇಬಿಹಾಳಕ್ಕೆ ಹೋದರು. ರುಕ್ಮವ್ವ ಬೇಳೆಯ ಗಿರಣಿಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಕುಳಿತಳು. ಹಿಂದಿನವರು ಯಾಕ ಬಿಟ್ರು ಎಂದು ಸಾವಕಾರನನ್ನು ಕೇಳಿದಳು. ಅವನು ಮೊದಲು ಬೈದನು. ಆಮೇಲೆ ಟಾಕಿ ತರಿಸಿದನು. ಶೆಡ್ಡಿನ ಮಾತಿಗೆ ಮಾತ್ರ ಒಪ್ಪಲಿಲ್ಲ.

ಇಂಡಿಗೆ ಬಂದು ಖೋಲಿಯಲ್ಲಿ ಕುಳಿತಾಗ ಒಂದು ತೊಡಕಾಯಿತು. ರುಕ್ಮವ್ವ ತನ್ನ ಬಳೆ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದಳು. ಹಚ್ಚಿ ಕೇಳಿದರೆ, ಅವಳ ಮಾತಿನ ಹಿಂದೆ ಸಣ್ಣಗೆ ಬಳೆಯ ಸದ್ದು. ಹನೀಫ ಮತ್ತೆ ಹೇಳಿಸಿದನು; ಮತ್ತೆ ಅದೇ ಸದ್ದು. ಒಳಗೆ ಹೋಗಿ ನೋಡಿದರೆ, ಫ್ಯಾನಿನ ಗಾಳಿಗೆ ಮೊಳೆಯ ಮೇಲಿನ ಹಸಿರು ಬಳೆಗಳು ಅಲುಗುತ್ತಿದ್ದವು.

"ಫ್ಯಾನ್ ಬಂದ್ ಮಾಡೂಣ್ರಿ, ಹೇಳೂತನಾ," ಎಂದನು.

ರುಕ್ಮವ್ವ ಬಳೆಗಳನ್ನು ನೋಡಿದಳು, ಅವನನ್ನು ನೋಡಿದಳು. "ಮಾಡ್ರಿ. ಆದ್ರ ಫ್ಯಾನ್ ಐತಿ ಅಂತ ನೀವು ಊರಿಗೆಲ್ಲಾ ಹೇಳೀರಿ, ಅಣ್ಣಾರ."

ಹನೀಫ ಒಂದೊಂದಾಗಿ ಬಳೆಗಳನ್ನು ಮೊಳೆಯಿಂದ ಇಳಿಸಿ ಕರವಸ್ತ್ರದಲ್ಲಿ ಸುತ್ತಿಕೊಂಡನು. ಸಂಜೆ ಅವನ್ನು ಜೈತುನಬಿಯ ಕೈಗೆ ಕೊಟ್ಟನು. ಮುದುಕಿ ಗಂಟನ್ನು ಬಿಚ್ಚದೆ ಎದೆಗೊತ್ತಿಕೊಂಡಳು.

ಸಂತೆಯ ದಿನ ಹೊಸ ಕಾರ್ಡನ್ನು ಹನೀಫನೇ ಮುದ್ದೇಬಿಹಾಳಕ್ಕೆ ಒಯ್ದನು. ಕಲ್ಮೇಶ ಹಳೆಯದನ್ನು ತೆಗೆದು ಅವನ ಅಂಗೈಯಲ್ಲಿಟ್ಟನು. ಉಗುರಿನಷ್ಟು ಸಣ್ಣದು, ಬೆಚ್ಚಗಿತ್ತು. ಆಟೋ ಓಣಿಗೆ ತಿರುಗಿತು.

"ಕೇಳ್ರವಾ ಎಲ್ಲಾರೂ. ಬ್ಯಾಳಿ ಗಿರಣ್ಯಾಗ ಮಂದಿ ಬೇಕಾಗ್ಯಾರ. ಬೇವಿನ ಗಿಡಾ ಈಗ ಇಲ್ಲ. ತಗಡಿನ ಶೆಡ್ ಐತಿ, ಮಧ್ಯಾಹ್ನ ಕಾಯತೈತಿ. ನೀರಿನ ಟಾಕಿ ಹೊಸಾದು ಕುಂದ್ರಿಸ್ಯಾರ, ನಾ ಕುಡದು ನೋಡೇನಿ. ಬಿಡೂದು ಆರಕ್ಕ..."

ಚಹಾದ ಅಂಗಡಿಯ ಬಾಕಿನ ಮೇಲೆ ಅದೇ ಹೆಣ್ಣುಮಕ್ಕಳು ಬುತ್ತಿಯ ಡಬ್ಬಿ ಹಿಡಿದು ಕುಳಿತಿದ್ದರು. ಹಿರಿಯಳು ಕಿವಿಗೊಟ್ಟು ಕೇಳಿದಳು.

"ಈಕಿ ಯಾರ ಹೊಸಬಾಕಿ? ಖರೇ ಹೇಳಾಕತ್ತಾಳಲ್ಲ! ಹಿಂದಿನಾಕಿ ಎಲ್ಲಿ ಹೋದ್ಲೋ ಏನೋ."

ಹನೀಫ ಚಹಾದ ಕಪ್ಪನ್ನು ಕೆಳಗಿಟ್ಟನು.

"ಆಕಿ ತೀರಿಕೊಂಡ್ಲವಾ. ನನ್ನ ಹೆಂಡ್ತಿ. ಆಕಿ ಬಂದು ನೋಡಿದಾಗ ಬೇವಿನ ಗಿಡಾ ಇತ್ತು."

ಆ ಹೆಣ್ಣುಮಗಳು ತಲೆಯ ಮೇಲೆ ಸೆರಗೆಳೆದುಕೊಂಡು, "ಇತ್ರಿ," ಎಂದಳು. "ಛಲೋ ನೆಳ್ಳ ಇತ್ರಿ ಆ ಗಿಡದ್ದು."